ಅಪ್ಪನ ಪೇಪರ್ ಯಾವ ದೇಶದ್ದು?

ನಾಯಿಯ ಸೊಂಟದ ಎಕ್ಸ್‌ರೇ ತೆಗೆಯುವುದು ಅಷ್ಟು ಸಲೀಸಲ್ಲ. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಅಂಗಾತ ಮಲಗಿಸಬೇಕು. ಹಿಂಗಾಲು ಎರಡನ್ನೂ ನೇರವಾಗಿ ಎಳೆದು, ಮಂಡಿಯನ್ನು ಒಳಕ್ಕೆ ತಿರುಗಿಸಿ, ಮಂಡಿಚಿಪ್ಪು ನಡುಮಧ್ಯ ಬರುವ ಹಾಗೆ ಹಿಡಿಯಬೇಕು. ಒಂಚೂರು ವಾಲಿದರೂ ಚಿತ್ರ ಸುಳ್ಳು ಹೇಳುತ್ತದೆ.

ಮೊನ್ನೆ ಎರಡು ವರ್ಷದ ಒಂದು ಜರ್ಮನ್ ಶೆಫರ್ಡ್ ಗಂಡಿಗೆ ಹೀಗೇ ತೆಗೆದೆ. ತೊಡೆಮೂಳೆಯ ಗುಂಡು ತಲೆ ಸೊಂಟದ ಬಟ್ಟಲಿನೊಳಗೆ ಕೂರಬೇಕು, ಇದರದ್ದು ಅಂಚಿಗೆ ಬಂದು ನಿಂತಿತ್ತು. ನಾರ್ಬರ್ಗ್ ಕೋನ ಅಂತ ಒಂದು ಅಳತೆ ಇದೆ, 105 ಡಿಗ್ರಿ ಅಥವಾ ಮೇಲಿದ್ದರೆ ಒಳ್ಳೆಯದು. ಇದರ ಎಡಗಡೆ 93.

"ಡಾಕ್ಟ್ರೇ, ಹೇಗೆ ಸಾಧ್ಯ? ಇದರಪ್ಪ ಇಂಪೋರ್ಟೆಡ್. ಅಮೆರಿಕದ ಪೇಪರ್ ಇದೆ ನೋಡಿ" ಎಂದು ಮಾಲೀಕರು ಫೈಲ್ ತೆಗೆದರು. ಈ ಗಂಡನ್ನು ಸ್ಟಡ್‌ಗೆ, ಅಂದರೆ ಹೆಣ್ಣುನಾಯಿಗಳ ಜೊತೆ ಕೂಡಿಸಲು, ಬಿಡಬೇಕು ಅಂತಲೇ ಅವರು ಬಂದಿದ್ದು. ಎರಡು ಮನೆಯವರು ಆಗಲೇ ಕೇಳಿದ್ದರಂತೆ, ಒಂದು ಮರಿ ಇವರಿಗೆ ಅನ್ನೋ ಮಾತೂ ಆಗಿತ್ತು.

ಪೇಪರ್ ಅಸಲಿಯೇ. ಆದರೆ ಅದು ಹೇಳುವುದು ಇಷ್ಟೇ: ಇದರ ಅಪ್ಪ ಅಮ್ಮ ಇಂಥವರು, ಇಬ್ಬರೂ ಒಂದೇ ತಳಿ, ಇಬ್ಬರೂ ನೋಂದಣಿಯಾದವರು. ಈ ಪೇಪರ್ ಕೊಡುವ ಅಮೆರಿಕನ್ ಕೆನಲ್ ಕ್ಲಬ್ ಗಂಡುನಾಯಿಯಿಂದ ಕೇಳುವುದು ಬಹಳ ಕಡಿಮೆ. ಕೂಡುವಾಗ ವಯಸ್ಸು 7 ತಿಂಗಳಿಗಿಂತ ಕಡಿಮೆ ಇರಬಾರದು, 12 ವರ್ಷ ದಾಟಿರಬಾರದು. ಜೀವಮಾನದಲ್ಲಿ ಏಳು ಸೂಲು ಅಥವಾ ವರ್ಷಕ್ಕೆ ಮೂರಕ್ಕಿಂತ ಜಾಸ್ತಿ ಸೂಲು ಆಯಿತು ಅಂದರೆ ಡಿಎನ್‌ಎ ಮಾದರಿ ಕೊಡಬೇಕು, ಅದೂ ಅಪ್ಪ ಇವನೇ ಅಂತ ಖಾತ್ರಿ ಮಾಡಿಕೊಳ್ಳಲು, ಕಾಯಿಲೆ ನೋಡಲು ಅಲ್ಲ. ಸೊಂಟ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆ ಅಲ್ಲಿ 1966ರಿಂದಲೇ ಇದೆ, ಎರಡು ವರ್ಷ ತುಂಬಿದ ಮೇಲೆ ಅಂತಿಮ ಗ್ರೇಡ್ ಕೊಡುತ್ತದೆ, ಒಳ್ಳೆಯ ಬ್ರೀಡರ್‌ಗಳು ಮಾಡಿಸುತ್ತಾರೆ ಕೂಡ. ಆದರೆ ಮಾಡಿಸದಿದ್ದರೂ ಮರಿಗೆ ಪೇಪರ್ ಸಿಗುತ್ತದೆ.

ಇದೇ ನಾಯಿ ಜರ್ಮನಿಯಲ್ಲಿ ಹುಟ್ಟಿದ್ದರೆ ಕಥೆಯೇ ಬೇರೆ. ಅಲ್ಲಿ ಜರ್ಮನ್ ಶೆಫರ್ಡ್ ಸಂಘ 1899ರದ್ದು, ಎಸ್‌ವಿ ಅಂತ ಕರೆಯುತ್ತಾರೆ. ಸೊಂಟ, ಮೊಣಕೈ ಎರಡರ ಎಕ್ಸ್‌ರೇ ಆಗಬೇಕು, ಅದನ್ನು ಊರಿನ ಡಾಕ್ಟರ್ ಅಲ್ಲ, ಸಂಘದವರು ನೇಮಿಸಿದವರು ಓದುತ್ತಾರೆ. ಆಮೇಲೆ ನಾಯಿ ಸೈಕಲ್ ಪಕ್ಕದಲ್ಲಿ 20 ಕಿಲೋಮೀಟರ್ ಓಡಬೇಕು, ನಡುನಡುವೆ ಬಿಡುವು ಕೊಟ್ಟು ಅಂಗಾಲು ಸವೆದಿದೆಯಾ ಅಂತ ನೋಡುತ್ತಾರೆ. ವಾಸನೆ ಹಿಡಿದು ಹೋಗುವುದು, ಮಾತು ಕೇಳುವುದು, ಕಾವಲು, ಈ ಮೂರರ ಪರೀಕ್ಷೆಯೂ ಪಾಸಾಗಬೇಕು. ಇದೆಲ್ಲ ಮುಗಿದ ಮೇಲೆ ಕೋರುಂಗ್ ಅನ್ನೋ ಆಯ್ಕೆ. ಅಲ್ಲಿ ಎತ್ತರ ಅಳೆಯುತ್ತಾರೆ (ಗಂಡಿಗೆ 60ರಿಂದ 65 ಸೆಂಟಿಮೀಟರ್), ಹಲ್ಲು ಎಣಿಸುತ್ತಾರೆ, ಎರಡು ಬೀಜವೂ ಕೆಳಗಿಳಿದಿದೆಯಾ ಮುಟ್ಟಿ ನೋಡುತ್ತಾರೆ, ಗುಂಡಿನ ಸದ್ದಿಗೆ ಬೆದರುತ್ತದಾ ಅಂತಲೂ ನೋಡುತ್ತಾರೆ. ಕೋರುಂಗ್ ಆಗದೆಯೂ ಮರಿಗಳಿಗೆ ಸಾದಾ ಪೇಪರ್ ಸಿಗುತ್ತದೆ, ಆದರೆ ಸೊಂಟ ಕೆಟ್ಟಿದ್ದರೆ ಅದೂ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಬೀಜದ ಹೋರಿ ಆರಿಸುವುದನ್ನು ನೋಡಿದವರಿಗೆ ಇದು ಹೊಸದೇನೂ ಅಲ್ಲ. ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ, ಆಮೇಲೂ ಒಪ್ಪಲ್ಲ. ಆದರೆ ಅದೇ ಮನುಷ್ಯ ಸಿಟಿಗೆ ಬಂದು ನಾಯಿ ಸಾಕಿದರೆ ಪೇಪರ್ ಒಂದೇ ನೋಡುತ್ತಾನೆ!

ಫ್ರಾನ್ಸಿನವರದ್ದು ಇನ್ನೊಂದು ದಾರಿ, ನನಗೆ ಇಷ್ಟವಾದದ್ದು. ಅಲ್ಲಿ ಮರಿ ಹುಟ್ಟಿದಾಗ ಸಿಗುವುದು ತಾತ್ಕಾಲಿಕ ಪೇಪರ್ ಮಾತ್ರ. ಒಂದು ವರ್ಷದ ಆಸುಪಾಸಿಗೆ ಒಬ್ಬ ತೀರ್ಪುಗಾರರ ಮುಂದೆ ನಿಲ್ಲಿಸಿ, ತಳಿಗೆ ತಕ್ಕ ಹಾಗೆ ಬೆಳೆದಿದೆ ಅಂತ ಒಪ್ಪಿಸಬೇಕು. ಒಪ್ಪದಿದ್ದರೆ ಅದರ ಮರಿಗಳಿಗೆ ಪೇಪರ್ ಇಲ್ಲ. ಅಂದರೆ ಒಳ್ಳೆಯ ಅಪ್ಪನಿಗೆ ಹುಟ್ಟಿದ ಮಾತ್ರಕ್ಕೆ ತಾನೂ ಅಪ್ಪನಾಗುವ ಹಕ್ಕು ಬರಲ್ಲ. ಬ್ರಿಟನ್ನಿನಲ್ಲಿ ನಿಯಮ ಬಿದ್ದಿರುವುದು ಜಾಸ್ತಿ ಹೆಣ್ಣಿನ ಮೇಲೆ: ನಾಲ್ಕು ಸೂಲಿಗಿಂತ ಹೆಚ್ಚು ನೋಂದಾಯಿಸಲ್ಲ. ಅಪ್ಪ-ಮಗಳು, ಅಣ್ಣ-ತಂಗಿ ಕೂಡಿಸಿದರೆ 2009ರಿಂದ ಅದನ್ನೂ ಒಪ್ಪಲ್ಲ. ಸೊಂಟಕ್ಕೆ ಅಲ್ಲಿ 0ಯಿಂದ 106ರವರೆಗೆ ಅಂಕ, ಕಡಿಮೆ ಬಂದಷ್ಟೂ ಒಳ್ಳೆಯದು. ನಮ್ಮವರೊಬ್ಬರು ಹೆಚ್ಚು ಅಂಕ ಬಂದಿದೆ ಅಂತ ಖುಷಿಪಟ್ಟಿದ್ದನ್ನು ಕಂಡಿದ್ದೇನೆ, ಪಾಪ.

ಜರ್ಮನ್ ಶೆಫರ್ಡ್ ಹೇಗಿರಬೇಕು ಅನ್ನೋ ತಳಿಮಾನ ಜರ್ಮನಿಯದ್ದು. ಬೆಲ್ಜಿಯಂನಲ್ಲಿ ಕೂತಿರುವ ಎಫ್‌ಸಿಐ, ಅಂದರೆ ದೇಶದೇಶಗಳ ನಾಯಿ ಸಂಘಗಳ ಒಕ್ಕೂಟ, ಅದನ್ನೇ ತನ್ನ ಸದಸ್ಯ ದೇಶಗಳಿಗೆಲ್ಲ ಕೊಡುತ್ತದೆ. ಆದರೆ ಯಾವ ಗಂಡನ್ನು ಬಿಡಬೇಕು, ಯಾವುದನ್ನು ಬಿಡಬಾರದು ಅನ್ನೋ ವಿವರ ಆಯಾ ದೇಶದ, ಆಯಾ ತಳಿ ಸಂಘದ ಕೈಯಲ್ಲಿ. ಅಮೆರಿಕ, ಬ್ರಿಟನ್ ಅಂತೂ ಎಫ್‌ಸಿಐ ಸದಸ್ಯರೇ ಅಲ್ಲ. ಹಾಗಾಗಿ ಇಂಪೋರ್ಟೆಡ್ ಅನ್ನೋ ಒಂದೇ ಪದದಲ್ಲಿ ಇಪ್ಪತ್ತು ಥರದ ಪರೀಕ್ಷೆ ಅಥವಾ ಒಂದೂ ಪರೀಕ್ಷೆ ಇಲ್ಲದಿರುವುದು, ಎರಡೂ ಅಡಗಿರುತ್ತವೆ.

ಗಂಡಿನ ಮೇಲೆ ಯಾಕಿಷ್ಟು ಕಣ್ಣು? ತಾಯಿಯಂತೆ ಮಗಳು ಅಂತೀವಿ ನಿಜ. ಆದರೆ ಲೆಕ್ಕ ಹಾಕಿ. ಹೆಣ್ಣು ಜೀವಮಾನದಲ್ಲಿ ಹಾಕುವ ಮರಿಗಳಿಗೆ ಒಂದು ಮಿತಿ ಇದೆ. ಬೇಡಿಕೆ ಇರುವ ಗಂಡು ವಾರಕ್ಕೊಂದು ಹೆಣ್ಣಿನ ಜೊತೆ ಕೂಡಬಹುದು. ರಕ್ತ ಹೆಪ್ಪುಗಟ್ಟದ ಹೀಮೋಫೀಲಿಯಾ ಎ ಇರುವ ಗಂಡು ತನ್ನ ಗಂಡುಮರಿಗಳಿಗೆ ಆ ಕಾಯಿಲೆಯ ಜೀನ್ ಕೊಡುವುದಿಲ್ಲ. ಹೆಣ್ಣುಮರಿಗಳಿಗೆ ಮಾತ್ರ ಒಂದನ್ನೂ ಬಿಡದೆ ಕೊಡುತ್ತದೆ. ಅವು ಆರೋಗ್ಯವಾಗೇ ಕಾಣುತ್ತವೆ. ಅವುಗಳ ಗಂಡುಮರಿಗಳಲ್ಲಿ ಕಾಯಿಲೆ ಏಳುವಾಗ ಅಜ್ಜ ಯಾರು ಅಂತ ಯಾರಿಗೂ ನೆನಪಿರಲ್ಲ.

ಕಟ್ಟುನಿಟ್ಟು ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ನಾನು ಹೇಳಲ್ಲ. ಪಾಸಾದ ಕೆಲವೇ ಗಂಡುಗಳ ಹತ್ತಿರ ಎಲ್ಲರೂ ಸಾಲು ನಿಂತರೆ ಹತ್ತು ವರ್ಷದಲ್ಲಿ ಎಲ್ಲವೂ ದಾಯಾದಿಗಳಾಗುತ್ತವೆ. ಅದಕ್ಕೇ ಫಿನ್ಲೆಂಡಿನವರ ಪದ್ಧತಿ ಬುದ್ಧಿವಂತಿಕೆಯದ್ದು ಅನಿಸುತ್ತದೆ. ಯಾವ ಪರೀಕ್ಷೆ ಕಡ್ಡಾಯ ಅಂತ ಪ್ರತಿ ತಳಿಗೂ ಬೇರೆ ಬೇರೆಯಾಗಿ, ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಗೊತ್ತುಮಾಡುತ್ತಾರೆ. ಹಲವು ತಳಿಗಳಲ್ಲಿ ಒಂದು ಗಂಡಿಗೆ ಇಷ್ಟೇ ಮರಿ ಅನ್ನೋ ಮಿತಿಯೂ ಇದೆ. ಫಲಿತಾಂಶ ಒಳ್ಳೆಯದೋ ಕೆಟ್ಟದ್ದೋ, ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು.

ನಮ್ಮಲ್ಲಿ 2017ರ ನಾಯಿ ಬ್ರೀಡಿಂಗ್ ನಿಯಮ ಇದೆ. 18 ತಿಂಗಳು ತುಂಬಿರಬೇಕು, ಹೆಣ್ಣಿಗೆ ವರ್ಷಕ್ಕೆ ಒಂದೇ ಸೂಲು, ಒಟ್ಟು ಐದು, ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ಸೊಂಟದ ಗ್ರೇಡ್ ಬಗ್ಗೆ ಮಾತಿಲ್ಲ. ನನ್ನ ಮೇಜಿಗೆ ಬರುವ ಫೈಲ್‌ಗಳಲ್ಲಿ ಚಾಂಪಿಯನ್ ಅನ್ನೋದು ಕೆಂಪಕ್ಷರದಲ್ಲಿ ಇರುತ್ತದೆ, ಎಕ್ಸ್‌ರೇ ಇರಲ್ಲ. ಶೋ ರಿಂಗಿನಲ್ಲಿ ತೀರ್ಪುಗಾರರಿಗೆ ಕಾಣುವುದು ಕೂದಲು, ನಿಲುವು, ನಡಿಗೆ. ಮೂಳೆ ಕಾಣಲ್ಲ.

ಮಾಲೀಕರು ಇದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ನಮ್ಮ ದೇಶದಲ್ಲಿ ಬಿಟ್ಟರೆ ತಪ್ಪಿಲ್ಲ ಅಲ್ವಾ ಡಾಕ್ಟ್ರೇ?"

"ಎಕ್ಸ್‌ರೇ ಕೇಳೋರು ಯಾರೂ ಇಲ್ಲ. ಆದರೆ ಕೂಡಿಸುವ ಮೊದಲು ನಾಯಿ ಆರೋಗ್ಯವಾಗಿದೆ ಅಂತ ಪಶುವೈದ್ಯರು ಬರೆದುಕೊಡಬೇಕು ಅಂತ ಅದೇ ನಿಯಮದಲ್ಲಿದೆ" ಎಂದೆ.

ಅವರು ನನ್ನ ಜೇಬಿನ ಪೆನ್ ನೋಡಿದರು. ಮಂಪರು ಇಳಿದು ನಾಯಿ ಮೇಲೇಳುತ್ತಿತ್ತು, ಮೊದಲು ಮುಂಗಾಲು, ಆಮೇಲೆ ಒಂದೊಂದಾಗಿ ಹಿಂಗಾಲು. ಪೆನ್ ತೆಗೆದು ತೂಕ ಇಳಿಸುವ ಊಟದ ಚೀಟಿ ಬರೆದುಕೊಟ್ಟೆ.