ಬಸ್ಸಿನೊಳಗಿನ ಸೌಂಡು: ಆದೇಶ ಇದೆ, ಕೇಳುವವರಿಲ್ಲ

ಕುಮಟಾದಿಂದ ಶಿರಸಿಗೆ ಹೊರಟ ಬಸ್ಸಿನಲ್ಲಿ ಈಗ ಒಂದೇ ಹೊತ್ತಿಗೆ ಏನೆಲ್ಲ ಕೇಳಿಸುತ್ತದೆ? ಮುಂದಿನ ಸೀಟಲ್ಲಿ ಯಕ್ಷಗಾನದ ಚೆಂಡೆ, ಹಿಂದೆ ಕ್ರಿಕೆಟ್ ಕಾಮೆಂಟರಿ, ಬಾಗಿಲ ಹತ್ತಿರ ವಿಡಿಯೋ ಕಾಲು. ಮಧ್ಯದಲ್ಲಿ ಯಾರದ್ದೋ ರೀಲ್ಸು. ಇದನ್ನು ತಡೆಯಲು ನಿಯಮ ಇಲ್ಲವಾ ಅಂತ ಕೇಳಿದರೆ, ಇದೆ. ಇದ್ದೂ ಯಾಕೆ ನಿಂತಿಲ್ಲ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಬೈ ರಾಜ್ಯದಲ್ಲಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಸಾರಿಗೆ ನಿಗಮ ಬಂತು. 1997ರಲ್ಲಿ ವಾಯವ್ಯ ಸಾರಿಗೆ ಬೇರೆಯಾಯಿತು. ಅಷ್ಟೂ ವರ್ಷ ಇಲ್ಲಿನ ಸರ್ಕಾರಿ ಬಸ್ಸಿನಲ್ಲಿ ಕೇಳುತ್ತಿದ್ದದ್ದು ಇಂಜಿನ್ನು, ಕಿಟಕಿ ಗಾಜಿನ ಗಡಗಡ, ಕಂಡಕ್ಟರರ ಸೀಟಿ, ಜನರ ಮಾತು.

ಹಾಡು ಇದ್ದದ್ದು ಖಾಸಗಿ ಗಾಡಿಗಳಲ್ಲಿ. ಮಂಗಳೂರು, ಉಡುಪಿ ಕಡೆಯ ಬಸ್ಸಿಗೆ ಟೇಪ್ ಇಲ್ಲದಿದ್ದರೆ ಮರ್ಯಾದೆಯೇ ಇರಲಿಲ್ಲ. ನಮ್ಮಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ನಡುವೆ ಓಡುವ ಟೆಂಪೋಗಳು ಆ ಕೆಲಸ ಮಾಡಿದವು. ಅಲ್ಲಿಯೂ ಸೌಂಡು ಜೋರೇ. ಆದರೆ ಗುಂಡಿ ಒಂದೇ, ಅದು ಡ್ರೈವರ್ ಕೈಲಿ. ತಲೆನೋವಾದರೆ ಹೇಳಲು ಒಬ್ಬರಿದ್ದರು.

ನಿಜವಾದ ಬದಲಾವಣೆ ಬಂದದ್ದು ಮೆಮೊರಿ ಕಾರ್ಡಿನ ಕಾಲದಲ್ಲಿ, 2010ರ ಆಸುಪಾಸು. ಸ್ಮಾರ್ಟ್‌ಫೋನು ಇನ್ನೂ ಊರಿಗೆ ಸರಿಯಾಗಿ ಬಂದಿರಲಿಲ್ಲ. ಚೀನಾ ಸೆಟ್ಟು ಬಂದಿತ್ತು. ಅದರ ಬೆನ್ನಿಗೆ ದಪ್ಪ ಸ್ಪೀಕರ್, ಕಡಿಮೆ ದುಡ್ಡು, ಕಿವಿ ಹರಿಯುವ ಸೌಂಡು. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇರುತ್ತಿತ್ತು. 2 ಜಿಬಿ ಕಾರ್ಡು ಕೊಟ್ಟರೆ ಅಂಗಡಿಯವರು ತಮ್ಮ ಫೋಲ್ಡರ್ ತೆಗೆದು ಹಾಡು ತುಂಬಿಸಿ ಕೊಡುತ್ತಿದ್ದರು. ಯಾವ ಹಾಡು ಬೇಕು ಅಂತ ಆರಿಸುವಷ್ಟು ಪುರುಸೊತ್ತು ಯಾರಿಗಿತ್ತು? ಇಡೀ ಫೋಲ್ಡರೇ ಹೋಗುತ್ತಿತ್ತು. ಹಾಗಾಗಿ ಒಂದೇ ಅಂಗಡಿಗೆ ಹೋದ ಹುಡುಗರ ಮೊಬೈಲಲ್ಲೆಲ್ಲ ಅದೇ ಹಾಡು, ಅದೇ ಸಾಲಿನಲ್ಲಿ. ಸಂಜೆ ಕಾಲೇಜು ಬಿಟ್ಟ ಮೇಲೆ ಅಂಗಿ ಜೇಬಿನಲ್ಲಿ ಸ್ಪೀಕರ್ ಹೊರಗೆ ಮಾಡಿ ಇಟ್ಟುಕೊಂಡು ಹಿಂದಿನ ಸೀಟು ಹಿಡಿಯುತ್ತಿದ್ದರು. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಹೋದರೂ ಕಾರ್ಡಿನ ಹಾಡಿಗೆ ಏನೂ ಆಗುತ್ತಿರಲಿಲ್ಲ. ಬೈದವರೂ ಇದ್ದರು, ಸುಮ್ನೆ ಕೇಳಿ ಖುಷಿಪಟ್ಟವರೂ ಇದ್ದರು. ಅಷ್ಟಾದರೂ ಒಂದು ಹಾಡು ಶುರುವಾದರೆ ಮುಗಿಯುತ್ತಿತ್ತು.

2016ರಲ್ಲಿ ಡೇಟಾ ಅಗ್ಗವಾಯಿತು. 2020ರಲ್ಲಿ ಟಿಕ್‌ಟಾಕ್ ನಿಂತರೂ ಅದರ ಜಾಗಕ್ಕೆ ರೀಲ್ಸ್ ಬಂತು. ಅರ್ಧ ಹಾಡು, ಒಂದು ನಗು, ಮತ್ತೆ ಅದೇ ನಗು. ಇದೇ ಹೊತ್ತಿಗೆ ಹೊಸ ಮೊಬೈಲ್ ಬಾಕ್ಸಿನಲ್ಲಿ ಇಯರ್‌ಫೋನ್ ಕೊಡುವುದು ಕಡಿಮೆಯಾಯಿತು, ಎಷ್ಟೋ ಸೆಟ್ಟುಗಳಲ್ಲಿ ಅದನ್ನು ಸಿಕ್ಕಿಸುವ ತೂತೇ ಇಲ್ಲ. ಹುಡುಗರನ್ನು ಬೈದದ್ದು ಸಾಕು. ಈಗ ಜೋರಾಗಿ ಹಾಕುವವರಲ್ಲಿ ಅಜ್ಜಂದಿರೂ ಕಡಿಮೆಯೇನಿಲ್ಲ.

ಹೈಕೋರ್ಟಿಗೆ ಅರ್ಜಿ ಹೋದ ಮೇಲೆ, 2021ರ ನವೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ಆದೇಶ ಹೊರಡಿಸಿತು. ಮೊಬೈಲ್ ಸ್ಪೀಕರ್ ಜೋರಾಗಿ ಹಾಕಬಾರದು. ಕಂಡಕ್ಟರ್ ಮೊದಲು ವಿನಂತಿ ಮಾಡಬೇಕು. ಕೇಳದಿದ್ದರೆ ಇಳಿಸಬಹುದು, ಟಿಕೆಟ್ ದುಡ್ಡು ವಾಪಸ್ ಇಲ್ಲ. ನಮ್ಮ ಜಿಲ್ಲೆಯ ಬಸ್ಸು ವಾಯವ್ಯ ಸಾರಿಗೆಯದ್ದು, ನಮಗೆ ಅದು ಲಾಗೂ ಇಲ್ಲ ಅಂತ ವಾದ ಮಾಡುವವರೂ ಸಿಗುತ್ತಾರೆ. ಆದರೆ ಆದೇಶದ ಹಿಂದಿರುವುದು 1989ರ ಕರ್ನಾಟಕ ಮೋಟಾರು ವಾಹನ ನಿಯಮ. ಅದು ಇಡೀ ರಾಜ್ಯಕ್ಕೆ ಒಂದೇ. 2022ರ ಜನವರಿಯಲ್ಲಿ ರೈಲ್ವೆಯೂ ರಾತ್ರಿ 10ರ ನಂತರ ಜೋರು ಹಾಡು, ಜೋರು ಮಾತು ಬೇಡ ಎಂದಿತು. ರೈಲಿನಲ್ಲಿ ದೂರು ಕೊಡಲು ಟಿಟಿಇ ಇದ್ದಾರೆ, ಪೊಲೀಸರಿದ್ದಾರೆ.

ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರೇ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿತು, ಒಳ್ಳೆಯದೇ ಆಯಿತು. ಆದರೆ ಶೂನ್ಯ ಟಿಕೆಟ್ಟನ್ನೂ ಒಂದೊಂದಾಗಿ ಹರಿದು ಕೊಡಬೇಕು. ಆ ನೂಕುನುಗ್ಗಲಿನಲ್ಲಿ, ಚಿಲ್ಲರೆ ಜಗಳದ ನಡುವೆ, ಯಾರ ಮೊಬೈಲ್ ಕೂಗುತ್ತಿದೆ ಅಂತ ಹುಡುಕುವುದು ಯಾವಾಗ? ಇನ್ನು ಇಳಿಸುವ ಮಾತು. ಅರಬೈಲ್ ಘಟ್ಟದ ನಡುವೆ ಕತ್ತಲಲ್ಲಿ ಒಬ್ಬರನ್ನು ಇಳಿಸಿ ಹೋಗಲು ಯಾವ ಕಂಡಕ್ಟರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು.

ಇನ್ನೊಂದು ತೊಡಕು ನಮ್ಮ ಕಡೆಯದ್ದೇ. ವಸ್ತಿ ಬಸ್ಸಿನಲ್ಲಿ ಇರುವವರೆಲ್ಲ ಪರಿಚಯದವರು. ಪಕ್ಕದ ಮನೆಯವರಿಗೆ ಸೌಂಡು ಕಡಿಮೆ ಮಾಡಿ ಅಂದರೆ ನಾಳೆ ಸೊಸೈಟಿಯಲ್ಲಿ ಮುಖ ನೋಡಬೇಕು, ಅಲ್ವಾ? ಅದಕ್ಕೇ ಎಲ್ಲರೂ ಕಿಟಕಿ ಕಡೆ ತಿರುಗುತ್ತಾರೆ. ಬಸ್ಸಿನೊಳಗಿನ ಬೀಡಿ ನಿಂತದ್ದಾದರೂ ಹೊಗೆ ಕೆಟ್ಟದ್ದು ಅಂತ ಸೇದುವವರೂ ಒಪ್ಪಿದ್ದರಿಂದ. ಹಾಡಿನ ವಿಷಯದಲ್ಲಿ ಆ ಒಪ್ಪಿಗೆ ಇಲ್ಲ. ನನ್ನ ಮೊಬೈಲಿನದ್ದು ಹಾಡು, ನಿಮ್ಮದು ಗಲಾಟೆ.

ಸದ್ಯ ನಡೆಯುತ್ತಿರುವುದು ಇಷ್ಟು. ಟಿಕೆಟ್ ಕೊಡುವಾಗ ಕಂಡಕ್ಟರ್ "ಸ್ವಲ್ಪ ಸಣ್ಣ ಮಾಡಿ ಮಾರಾಯ್ರೆ" ಅನ್ನುತ್ತಾರೆ. ಸಣ್ಣದಾಗುತ್ತದೆ. ಅವರು ಮುಂದಕ್ಕೆ ಹೋದ ಮೇಲೆ ಮತ್ತೆ ಏರುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಬಸ್ಸು ಹೊರಡುವ ಮೊದಲು ಮೈಕಿನಲ್ಲಿ ಊರಿನ ಹೆಸರು ಕೂಗುತ್ತಾರಲ್ಲ, ಅದರ ಜೊತೆ ಈ ಒಂದು ಸಾಲನ್ನೂ ಸೇರಿಸಬಹುದು. ಸೌಂಡು ಕಡಿಮೆ ಮಾಡಿ ಅಂತ ಮೈಕಿನಲ್ಲಿ ಹೇಳುವುದು ತಮಾಷೆ ಅನ್ನಿಸಬಹುದು. ಆದರೂ ಕಂಡಕ್ಟರ್ ಒಬ್ಬರ ತಲೆಗೆ ಕಟ್ಟುವುದಕ್ಕಿಂತ ವಾಸಿ.