ಹಬ್ಬದ ಗಂಟೆ, ನೆಲಮಾಳಿಗೆಯ ಸರಪಳಿ

ಸಿನಿಮಾಗಳಿಗೆ ಸೌಂಡ್ ಡಿಸೈನ್ ಮಾಡುವುದು ನನ್ನ ಕೆಲಸ. ಹಾರರ್ ದೃಶ್ಯ ಕೈಗೆ ಬಂದಾಗ ಮೊದಲು ಹುಡುಕುವುದು ಒಂದನ್ನೇ: ನೋಡುಗರು ಇಲ್ಲಿ ಯಾವ ಸದ್ದನ್ನು ನಂಬಿ ಕೂತಿದ್ದಾರೆ? ಆ ನಂಬಿಕೆ ಕೆಡಿಸಿದರೆ ಅರ್ಧ ಕೆಲಸ ಮುಗಿದಂತೆ. ಕ್ರಿಸ್‌ಮಸ್ ಹಾರರ್‌ನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಗಂಟೆ, ಕ್ಯಾರಲ್ ಎಂಬ ಹಬ್ಬದ ಹಾಡು, ಉಡುಗೊರೆ ತರುವ ಸಾಂಟಾ ಛಾವಣಿ ಮೇಲೆ ನಡೆದ ಸದ್ದು, ಎಲ್ಲವೂ ಮಕ್ಕಳು ಖುಷಿಯಿಂದ ಕಾಯುವಂಥವೇ.

ಹಬ್ಬಕ್ಕೂ ದೆವ್ವಕ್ಕೂ ನಂಟು ಹಳೆಯದು. ಇಂಗ್ಲೆಂಡಿನಲ್ಲಿ ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ ಬೆಂಕಿ ಮುಂದೆ ಕೂತು ದೆವ್ವದ ಕಥೆ ಹೇಳುವ ರೂಢಿಯಿತ್ತು. 1843ರಲ್ಲಿ ಬಂದ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕೂಡ ದೆವ್ವದ ಕಥೆಯೇ ಅಲ್ವಾ? ಅಲ್ಲಿ ಜಿಪುಣ ಸ್ಕ್ರೂಜ್‌ನ ಸತ್ತ ಪಾಲುದಾರ ಮಾರ್ಲಿಯ ಪ್ರೇತ ಕೋಣೆಯೊಳಗೆ ಬರುವ ಮೊದಲೇ ಕಿವಿಗೆ ಬೀಳುತ್ತದೆ. ಮನೆಯ ಗಂಟೆಗಳೆಲ್ಲ ತಾವಾಗಿ ಬಾರಿಸುತ್ತವೆ. ಒಟ್ಟಿಗೇ ನಿಲ್ಲುತ್ತವೆ. ಆಮೇಲೆ ನೆಲಮಾಳಿಗೆಯಲ್ಲಿ ಯಾರೋ ಸರಪಳಿ ಎಳೆಯುವ ಸದ್ದು. ಸಿನಿಮಾ ಹುಟ್ಟುವ ಮೊದಲೇ ಇಷ್ಟು ಬರೆದಿಟ್ಟಿದ್ದಾನಲ್ಲ ಎಂದು ನನಗೆ ಹೊಟ್ಟೆಕಿಚ್ಚು.

ತೆರೆಯ ಮೇಲೆ ಇದನ್ನು ಚೆನ್ನಾಗಿ ದುಡಿಸಿಕೊಂಡದ್ದು ನಿರ್ದೇಶಕ ಬಾಬ್ ಕ್ಲಾರ್ಕ್, 1974ರ ಕೆನಡಾದ ‘ಬ್ಲ್ಯಾಕ್ ಕ್ರಿಸ್‌ಮಸ್’ನಲ್ಲಿ. ಕಾಲೇಜು ಹುಡುಗಿಯರಿರುವ ಮನೆ. ಬಾಗಿಲಲ್ಲಿ ಮಕ್ಕಳು ಕ್ಯಾರಲ್ ಹಾಡುತ್ತಿದ್ದಾರೆ, ಮೇಲಿನ ಕೋಣೆಯಲ್ಲಿ ಕೊಲೆ ನಡೆಯುತ್ತಿದೆ. ಹಾಡು ಎಷ್ಟು ಇಂಪಾಗಿದೆ ಎಂದರೆ ಕೆಳಗಿದ್ದವರಿಗೆ ಬೇರೇನೂ ಕೇಳಿಸುವುದಿಲ್ಲ. ಕೊಲೆಗಾರನ ಮುಖ ಕೊನೆವರೆಗೂ ಸರಿಯಾಗಿ ಕಾಣದು. ನಮಗೆ ಸಿಗುವುದು ಜಾಸ್ತಿ ಫೋನಿನ ದನಿಯೇ. ಸಂಗೀತಕ್ಕೆ ಕಾರ್ಲ್ ಝಿಟ್ರರ್ ಪಿಯಾನೋ ತಂತಿಗಳಿಗೆ ಫೋರ್ಕು, ಚಾಕು, ಬಾಚಣಿಗೆ ಕಟ್ಟಿ ನುಡಿಸಿದರು. ಇದೇ ಕ್ಲಾರ್ಕ್ 1983ರಲ್ಲಿ ಮನೆಮಂದಿಯೆಲ್ಲ ನಗುತ್ತಾ ನೋಡುವ ‘ಎ ಕ್ರಿಸ್‌ಮಸ್ ಸ್ಟೋರಿ’ಯನ್ನೂ ಮಾಡಿದರು!

ಮರುವರ್ಷ ಬಂದ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ನಲ್ಲಿ ಸಾಂಟಾ ವೇಷದವನ ಕೈಯಲ್ಲಿ ಕೊಡಲಿ. ಟಿವಿ ಜಾಹೀರಾತು ನೋಡಿ ಅಮೆರಿಕದ ತಂದೆತಾಯಂದಿರು ಸಿಟ್ಟಿಗೆದ್ದರು, ಚಿತ್ರ ಬೇಗನೆ ಥಿಯೇಟರ್‌ಗಳಿಂದ ಹೊರಬಿತ್ತು. ನನಗೇನೋ ಅದು ಸಾಧಾರಣ ಸಿನಿಮಾ. ಗಲಾಟೆಯೇ ಅದಕ್ಕೆ ಹೆಸರು ತಂದಿತು.

ನಮ್ಮಂಥವರಿಗೆ ಸಾಂಟಾಗಿಂತ ಹಿಮವೇ ದೊಡ್ಡ ಉಡುಗೊರೆ. ಆಗಷ್ಟೇ ಬಿದ್ದ ಹಿಮದ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ, ಅದು ಸದ್ದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಸದ್ದುಗಳನ್ನೆಲ್ಲ ಸೇರಿಸಿ ಹದ ಮಾಡುವ ಮಿಕ್ಸಿಂಗ್‌ನಲ್ಲಿ ದೂರದ ಕಾರು, ನಾಯಿ, ಗಾಳಿ ಎಲ್ಲವನ್ನೂ ಒಂದೊಂದಾಗಿ ಇಳಿಸುತ್ತಾ ಹೋಗಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ಉಳಿಯುವುದು ಕರಕರ ಎನ್ನುವ ಒಂದೇ ಜೋಡಿ ಹೆಜ್ಜೆ. ನಿಮ್ಮ ಬೆವರಿಳಿಸುವ ಆ ಹೆಜ್ಜೆ, ಬಹಳ ಸಲ, ಮೈಕಿನ ಮುಂದೆ ಯಾರೋ ಹಿಂಡುತ್ತಿರುವ ಕಾರ್ನ್‌ಫ್ಲೋರ್ ಚೀಲ.