ಡಿಜೆ ಮಿಕ್ಸರ್ ಹೋಲಿಸುವಾಗ: ಗಟ್ಟಿತನ ಎಲ್ಲಿ ನೋಡಬೇಕು, ಸದ್ದು ಹೇಗೆ ಕೇಳಬೇಕು

ನನ್ನ ಮೊದಲ ಡಿಜೆ ಮಿಕ್ಸರ್ (ಎರಡು ಮೂರು ಕಡೆಯಿಂದ ಬರುವ ಹಾಡನ್ನು ಬೆರೆಸುವ ಪೆಟ್ಟಿಗೆ) ಎತ್ತಿದರೆ ಕೈ ಜಗ್ಗುತ್ತಿತ್ತು. ಕಬ್ಬಿಣದ ಮೈ, ದಪ್ಪ ಪೇಂಟು. ಹತ್ತು ವರ್ಷಕ್ಕೆ ಮೋಸವಿಲ್ಲ ಅಂದುಕೊಂಡಿದ್ದೆ. ಎರಡು ವರ್ಷ ತುಂಬುವ ಮೊದಲೇ ಒಂದು ಚಾನೆಲ್‌ನ ಎಡಗಡೆ ಸದ್ದು ಬಂದು ಹೋಗಿ ಮಾಡತೊಡಗಿತು. ಹಾಡು ತರುವ ಹಿಂಬದಿಯ ಆರ್‌ಸಿಎ ವೈರನ್ನು ಸ್ವಲ್ಪ ಎತ್ತಿ ಹಿಡಿದರೆ ಬರುತ್ತದೆ, ಬಿಟ್ಟರೆ ಇಲ್ಲ. ವೈರ್ ಬದಲಾಯಿಸಿದರೂ ಅದೇ ಕಥೆ. ಕೊನೆಗೆ ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಸಾಕೆಟ್‌ನ ಕಾಲು ಸರ್ಕ್ಯೂಟ್ ಬೋರ್ಡಿಗೆ ಕೂರುವ ಜಾಗದಲ್ಲಿ, ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳ್ಳಗೆ ಒಂದು ಕಪ್ಪು ಉಂಗುರ. ಬಿರುಕು ಅಷ್ಟೇ.

ಆ ಸಾಕೆಟ್ ಹಿಂಬದಿಯ ತಗಡಿಗೆ ಬಿಗಿದಿರಲಿಲ್ಲ, ಬರೀ ಬೆಸುಗೆಯ ಮೇಲೆ ನಿಂತಿತ್ತು. ಪ್ರತಿ ಸಲ ವೈರ್ ಚುಚ್ಚಿ ಎಳೆದಾಗ ಆ ಜೋರೆಲ್ಲ ಬೆಸುಗೆಯ ಮೇಲೇ ಬಿದ್ದಿದೆ. ಅವತ್ತಿನಿಂದ ನಾನು ಮಿಕ್ಸರ್‌ನ ತೂಕ ನೋಡುವುದು ಬಿಟ್ಟೆ. ಕೈಯ ಜೋರು ಎಲ್ಲಿ ಬೀಳುತ್ತದೆ, ಅದನ್ನು ಯಾವ ಭಾಗ ತಡೆದುಕೊಳ್ಳುತ್ತದೆ, ಇಷ್ಟೇ ನೋಡುತ್ತೇನೆ.

ನೋಡುವುದು ಕಷ್ಟವಲ್ಲ. ಹಿಂಬದಿಯಲ್ಲಿ ಸಾಕೆಟ್‌ಗಳ ಪಕ್ಕ ಸಣ್ಣ ಸ್ಕ್ರೂ ಇದೆಯಾ ನೋಡಿ. ನಾಬ್ ಹಿಡಿದು, ತಿರುಗಿಸದೆ, ಅಡ್ಡಡ್ಡ ಅಲುಗಿಸಿ. ನಾಬ್‌ನ ಕೆಳಗಿನ ತಿರುಗುವ ಭಾಗವಾದ ಪಾಟ್ ಅನ್ನು ಮೇಲಿನ ಪ್ಯಾನೆಲ್‌ಗೆ ನಟ್ ಹಾಕಿ ಬಿಗಿದಿದ್ದರೆ ಅದು ಅಷ್ಟಾಗಿ ಅಲುಗಾಡುವುದಿಲ್ಲ. ಬೋರ್ಡಿನ ಮೇಲೆ ಮಾತ್ರ ನಿಂತಿದ್ದರೆ ಸಡಿಲ ಹಲ್ಲಿನ ಹಾಗೆ ಆಡುತ್ತದೆ. ಫೇಡರ್ (ಸದ್ದು ಏರಿಸಿ ಇಳಿಸಲು ಸರಿಸುವ ಗುಂಡಿ) ಬದಲಿಸಲು ಎಷ್ಟು ಸ್ಕ್ರೂ ಬಿಚ್ಚಬೇಕು ಅಂತಲೂ ಕೇಳಿ ತಿಳಿದುಕೊಳ್ಳಿ. ಎಂಥ ಫೇಡರ್ ಆದರೂ ಒಂದು ದಿನ ಸವೆಯುತ್ತದೆ. ಅದು ಸವೆದ ದಿನ ಹತ್ತು ನಿಮಿಷದ ಕೆಲಸವಾ ಅಥವಾ ಇಡೀ ಬೋರ್ಡ್ ಹೊರಗೆ ತೆಗೆಯಬೇಕಾ ಅನ್ನುವುದೇ ಗಟ್ಟಿತನದ ಅರ್ಧ ಉತ್ತರ. ಇನ್ನು ಕರೆಂಟ್: ಹೊರಗಿನ ಅಡಾಪ್ಟರ್‌ನ ಸಣ್ಣ ಪಿನ್ನಿಗಿಂತ ಒಳಗೇ ಪವರ್ ಸಪ್ಲೈ ಇರುವುದು ನನಗೆ ಇಷ್ಟ. ಕತ್ತಲಲ್ಲಿ ಯಾರದ್ದೋ ಕಾಲು ತಾಗಿ ಪಿನ್ ಕಳಚಿದರೆ ಮುಗೀತು.

ಫೇಡರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಟ್ಟಿತನ ಮತ್ತು ಸದ್ದು ಬೇರೆ ಬೇರೆ ವಿಷಯ ಅಂತ ಓದುತ್ತೇವಲ್ಲ, ಅವೆರಡೂ ಒಂದಾಗುವ ಜಾಗ ಇದು. ಸಾದಾ ಫೇಡರ್ ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ಬೆರಳು. ಹಾಡಿನ ಸಿಗ್ನಲ್ ನೇರವಾಗಿ ಆ ಪಟ್ಟಿಯ ಮೂಲಕವೇ ಹೋಗುತ್ತದೆ. ದೂಳು ಕೂತರೆ, ಪಟ್ಟಿ ಸವೆದರೆ, ಸರಿಸಿದಾಗಲೆಲ್ಲ ಕರಕರ ಅನ್ನುತ್ತದೆ. ಇದಕ್ಕೆ ಒಂದು ಉಪಾಯ ವಿಸಿಎ. ಇಲ್ಲಿ ಫೇಡರ್‌ನಲ್ಲಿ ಹಾಡು ಹರಿಯುವುದಿಲ್ಲ, ಬರೀ ಒಂದು ಡಿಸಿ ವೋಲ್ಟೇಜ್ ಹರಿಯುತ್ತದೆ. ಆ ವೋಲ್ಟೇಜ್ ನೋಡಿಕೊಂಡು ಬೇರೆ ಒಂದು ಆಂಪ್ಲಿಫಯರ್ ಸದ್ದನ್ನು ಏರಿಸಿ ಇಳಿಸುತ್ತದೆ. ಫೇಡರ್ ಸ್ವಲ್ಪ ಸವೆದರೂ ಆ ಕರಕರವನ್ನು ಸರ್ಕ್ಯೂಟ್ ಸೋಸಿಬಿಡಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋದರೆ ತಾಗದೇ ಕೆಲಸ ಮಾಡುವ ಫೇಡರ್: ರೇನ್ ಕಂಪನಿಯ ಮ್ಯಾಗ್ನೆಟಿಕ್ ಫೇಡರ್, ಕೆಪಾಸಿಟರ್ ತತ್ವದ ಇನ್ನೋಫೇಡರ್. ಉಜ್ಜುವ ಪಟ್ಟಿಯೇ ಇಲ್ಲದ ಮೇಲೆ ಸವೆಯುವುದೇನು? ಸ್ಕ್ರಾಚ್ ಮಾಡುವವರು (ರೆಕಾರ್ಡನ್ನು ಹಿಂದೆ ಮುಂದೆ ಆಡಿಸುತ್ತಾ ಫೇಡರ್ ಪಟಪಟ ಸರಿಸುವವರು) ಇವುಗಳ ಹಿಂದೆ ಬೀಳುವುದು ಸುಮ್ನೆ ಅಲ್ಲ.

(ಕರಕರ ಅನ್ನುತ್ತಿದೆ ಅಂತ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಕಾಂಟ್ಯಾಕ್ಟ್ ಕ್ಲೀನರ್, ಅದರಲ್ಲೂ ಫೇಡರ್‌ಗೆ ಅಂತಲೇ ಬರುವುದು ಬೇಕು.)

ಈಗ ಸದ್ದು. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನೇ ಹೇಳುತ್ತೇನೆ. ಎರಡು ಮಿಕ್ಸರ್ ಪಕ್ಕಪಕ್ಕ ಇಟ್ಟು, ಒಂದೇ ಹಾಡು ಹಾಕಿ ಕೇಳಿದೆ. ಒಂದರಲ್ಲಿ ಬೇಸ್ ತುಂಬಿಕೊಂಡಿತ್ತು, ಹಾಡುವ ದನಿ ಮುಂದೆ ಬಂದು ನಿಂತ ಹಾಗಿತ್ತು. ಇದೇ ಒಳ್ಳೆಯದು ಅಂತ ತೀರ್ಮಾನ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಆಮೇಲೆ ಯಾಕೋ ಅನುಮಾನ ಬಂದು ಔಟ್‌ಪುಟ್‌ಗೆ ಮಲ್ಟಿಮೀಟರ್ ಹಚ್ಚಿದೆ. ಒಂದರಲ್ಲಿ 1.00 ವೋಲ್ಟ್, ನಾನು ಮೆಚ್ಚಿದ್ದರಲ್ಲಿ 1.19. ಅಂದರೆ ಅದು ಸುಮಾರು 1.5 ಡೆಸಿಬೆಲ್ ಜೋರಾಗಿತ್ತು. ನಮ್ಮ ಕಿವಿಗೆ ಇಷ್ಟು ವ್ಯತ್ಯಾಸ 'ಜೋರು' ಅಂತ ಕೇಳಿಸದೇ ಇರಬಹುದು, 'ಚೆಂದ' ಅಂತ ಕೇಳಿಸುತ್ತದೆ. ಸದ್ದು ಏರಿದ ಹಾಗೆ ಬೇಸ್ ಕೂಡ ಕಿವಿಗೆ ಜಾಸ್ತಿ ತುಂಬುತ್ತದೆ. ಎರಡನ್ನೂ ಸಮ ಮಾಡಿದ ಮೇಲೆ ಕಣ್ಣು ಮುಚ್ಚಿ ಕೇಳಿದೆ. ಗೆಳೆಯ ವೈರ್ ಬದಲಿಸುತ್ತಿದ್ದ. ಯಾವುದು ಯಾವುದೆಂದು ಹೇಳಲು ನನ್ನಿಂದ ಆಗಲೇ ಇಲ್ಲ. ನೋಟ್‌ಬುಕ್ಕಿನ ಆ ಪುಟಕ್ಕೆ ಅಡ್ಡಗೀಟು ಎಳೆದೆ.

ಸಮ ಮಾಡುವುದು ಹೀಗೆ. 100ರಿಂದ 400 ಹರ್ಟ್ಸ್ ಒಳಗಿನ ಒಂದು ಟೋನ್ (ಒಂದೇ ಸಮನಾದ ಸ್ವರ) ಹಾಕಿ. ಸಾಮಾನ್ಯ ಮಲ್ಟಿಮೀಟರ್‌ಗಳು ಇನ್ನೂ ಮೇಲಿನ ಆವರ್ತನದಲ್ಲಿ ಸರಿಯಾಗಿ ಅಳೆಯದೇ ಇರಬಹುದು. ಈಕ್ಯೂ ನಾಬ್‌ಗಳು (ಬೇಸ್, ನಡು, ಮೇಲಿನ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವವು) ನಡುವೆ ಇರಲಿ. ಎರಡೂ ಔಟ್‌ಪುಟ್‌ನಲ್ಲಿ ಎಸಿ ವೋಲ್ಟೇಜ್ ಒಂದೇ ಬರುವ ತನಕ ಟ್ರಿಮ್ (ಒಳಬರುವ ಸಿಗ್ನಲ್‌ನ ಮಟ್ಟ ಹೊಂದಿಸುವ ನಾಬ್) ತಿರುಗಿಸಿ. ಶೇಕಡಾ 1ರಷ್ಟು ವ್ಯತ್ಯಾಸ ಉಳಿದರೆ ಪರವಾಗಿಲ್ಲ, ಅದು 0.1 ಡೆಸಿಬೆಲ್‌ಗಿಂತ ಕಡಿಮೆ.

ಹಾಗಾದರೆ ಎಲ್ಲ ಮಿಕ್ಸರ್‌ಗಳ ಸದ್ದೂ ಒಂದೇನಾ? ಖಂಡಿತ ಅಲ್ಲ. ಆದರೆ ವ್ಯತ್ಯಾಸ ಕಾಣುವುದು ಎಲ್ಲವೂ ನಡುವೆ ನಿಂತಾಗ ಅಲ್ಲ, ಏನಾದರೂ ತಿರುಗಿಸಿದಾಗ. ಈಕ್ಯೂ ತೆಗೆದುಕೊಳ್ಳಿ. ಪಯೋನಿಯರ್ ಡಿಜೆಎಂ-900 ನೆಕ್ಸಸ್ 2ರಲ್ಲಿ ನಾಬ್ ಪೂರ್ತಿ ಕೆಳಗೆ ತಂದರೆ ಆ ಭಾಗ 26 ಡೆಸಿಬೆಲ್ ಇಳಿಯುತ್ತದೆ. ಈಕ್ಯೂವನ್ನು ಐಸೊಲೇಟರ್ ಮೋಡ್‌ಗೆ ಬದಲಿಸಿದರೆ ಪೂರ್ತಿ ಮಾಯ. ಅಲೆನ್ ಅಂಡ್ ಹೀತ್‌ನ ಝೋನ್ 92ರಲ್ಲಿ ಮೂರರ ಬದಲು ನಾಲ್ಕು ನಾಬ್, ಜೊತೆಗೆ ಅನಲಾಗ್ ಫಿಲ್ಟರ್. ಫಿಲ್ಟರ್‌ನ ರೆಸೊನೆನ್ಸ್ (ಸೋಸುವ ಗಡಿಯ ಬಳಿಯ ಸದ್ದನ್ನು ಎತ್ತಿ ತೋರಿಸುವ ನಾಬ್) ಏರಿಸಿ ನಿಧಾನಕ್ಕೆ ಸರಿಸುತ್ತಾ ಹೋದಾಗ ಬರುವ ಆ ಕಚ್ಚುವ ಸದ್ದಿಗೇ ಅದನ್ನು ಕೊಳ್ಳುವವರಿದ್ದಾರೆ. ಇದು ನಿಜವಾದ ವ್ಯತ್ಯಾಸ, ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

ಎರಡನೆಯದು ಫೋನೋ ಇನ್‌ಪುಟ್, ಅಂದರೆ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಚುಚ್ಚುವ ಜಾಗ. ವಿನೈಲ್ ನುಡಿಸುವವರು ಇದನ್ನು ಮೊದಲು ಕೇಳಬೇಕು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಸೂಜಿ ಕೂರುವ ಭಾಗ) ಕೊಡುವುದು ಸುಮಾರು 5 ಮಿಲಿವೋಲ್ಟ್. ಮನೆ ಬಳಕೆಯ ಉಪಕರಣಗಳ ಸಾಮಾನ್ಯ ಸಿಗ್ನಲ್ ಮಟ್ಟ, ಅಂದರೆ ಲೈನ್ ಮಟ್ಟ, 0.316 ವೋಲ್ಟ್, ಅಂದರೆ ಅರವತ್ತು ಪಟ್ಟಿಗೂ ಮೇಲೆ. ಅಷ್ಟು ಹಿಗ್ಗಿಸುವಾಗ ಸರ್ಕ್ಯೂಟಿನ ಸ್ವಂತ ಸರಸರ ಕೂಡ ಹಿಗ್ಗುತ್ತದೆ. ಅದರ ಮೇಲೆ, ರೆಕಾರ್ಡ್ ಕೆತ್ತುವಾಗ ತಗ್ಗಿಸಿದ ಬೇಸನ್ನು ವಾಪಸ್ ಏರಿಸುವ ಆರ್‌ಐಎಎ ತಿದ್ದುವಿಕೆ ಬೇರೆ: 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್‌ನಲ್ಲಿ ಸುಮಾರು 17 ಡೆಸಿಬೆಲ್ ಏರಿಸುತ್ತದೆ. ಕರೆಂಟಿನ ಗುಂಯ್ ಸದ್ದು ಇರುವುದೂ ಹೆಚ್ಚಿನ ದೇಶಗಳಲ್ಲಿ ಅಲ್ಲೇ. ಟರ್ನ್‌ಟೇಬಲ್‌ನ ಅರ್ಥ್ ವೈರನ್ನು ಮಿಕ್ಸರ್‌ನ ತಿರುಪಿಗೆ ಸರಿಯಾಗಿ ಬಿಗಿಯದಿದ್ದರೆ ಮಿಕ್ಸರ್‌ಗೆ ಸುಮ್ನೆ ಬೈಗುಳ ಬೀಳುತ್ತದೆ.

ಮೂರನೆಯದು ಮೀಟರ್‌ನ ಕೆಂಪು ದೀಪ. ಅನಲಾಗ್ ಮಿಕ್ಸರ್‌ನಲ್ಲಿ ಮೀಟರ್ ಏರಿದ ಹಾಗೆ ಸದ್ದು ಸಾಮಾನ್ಯವಾಗಿ ಮೆಲ್ಲಗೆ ಒರಟಾಗುತ್ತದೆ. ಡಿಜಿಟಲ್‌ನಲ್ಲಿ ಕೊನೆಯ ಗೆರೆ ದಾಟಿದರೆ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ. ಒಳಗೆ 64 ಬಿಟ್ ಲೆಕ್ಕ ನಡೆದರೂ ಇನ್‌ಪುಟ್‌ನಲ್ಲಿ ಕತ್ತರಿಸಿಹೋದ ತಲೆ ವಾಪಸ್ ಬರುವುದಿಲ್ಲ. ಹಾಗಾಗಿ ಟ್ರಿಮ್ ಮೇಲಿನ ಕೈ ಹಗುರ ಇರಲಿ.

ಫೇಡರ್ ಬದಲು ದೊಡ್ಡ ನಾಬ್ ಇರುವ ರೋಟರಿ ಮಿಕ್ಸರ್‌ಗಳ ಬಗ್ಗೆ ಒಂದು ಮಾತು. 1970ರ ದಶಕದ ನ್ಯೂಯಾರ್ಕ್ ಡಿಸ್ಕೊಗಳ ಬೋಜಾಕ್, ಆಮೇಲಿನ ಯೂರೀ 1620, ಇವುಗಳ ಸದ್ದಿಗೆ ಈಗಲೂ ಭಕ್ತರಿದ್ದಾರೆ. ಸದ್ದು ಚೆನ್ನಾಗಿದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ನನ್ನ ಪ್ರಕಾರ ಆ ಮಾಯೆಯಲ್ಲಿ ದೊಡ್ಡ ಪಾಲು ನಾಬ್‌ನದ್ದೇ: ದೊಡ್ಡ ನಾಬ್ ತಿರುಗಿಸುವಾಗ ಅವಸರ ಮಾಡಲು ಆಗುವುದಿಲ್ಲ, ಒಂದು ಹಾಡು ಇನ್ನೊಂದರೊಳಗೆ ನಿಧಾನಕ್ಕೆ ಕರಗುತ್ತದೆ.

ಹಳೆಯ ಮಿಕ್ಸರ್ ಕೊಳ್ಳುವವರು ಹಾಡು ಹಾಕುವ ಮೊದಲು ಇದೊಂದನ್ನು ಮಾಡಿ. ಇನ್‌ಪುಟ್ ಏನೂ ಕೊಡದೆ ಎಲ್ಲ ಚಾನೆಲ್ ಮೇಲೆತ್ತಿ. ಹೆಡ್‌ಫೋನ್ ವಾಲ್ಯೂಮ್ ಕೆಳಗಿಂದ ನಿಧಾನವಾಗಿ ಏರಿಸಿ. ಆಮೇಲೆ ಒಂದೊಂದೇ ನಾಬ್, ಒಂದೊಂದೇ ಫೇಡರ್ ಪೂರ್ತಿ ಆಚೆಯಿಂದ ಈಚೆಗೆ ಸರಿಸಿ. ಕರಕರ, ಗುಂಯ್, ಒಂದೇ ಕಿವಿಯಲ್ಲಿ ಸರಸರ, ಯಾವುದಿದ್ದರೂ ಆ ಮೌನದಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಒಂದು ಹಾಡು ಹಾಕಿ, ಹಿಂಬದಿಯ ವೈರ್‌ಗಳನ್ನು ಒಂದೊಂದಾಗಿ ಮೆತ್ತಗೆ ಅಲುಗಿಸಿ.